ಹೆಸರಿಲ್ಲದ ದೂರು, ಹೆಸರಿರುವ ವರದಿಗಾರ

2018ರ ಅಕ್ಟೋಬರನ್ನು ಭಾರತೀಯ ಪತ್ರಿಕೋದ್ಯಮದ ಹೆಮ್ಮೆಯ ತಿಂಗಳೆಂದು ಕೊಂಡಾಡುವ ಬರಹಗಳು ಇವತ್ತಿಗೂ ಬರುತ್ತಿವೆ. ಮೀ ಟೂ ಬಂತು, ಮಾಧ್ಯಮಗಳು ಮೌನ ಮುರಿದವು, ಕೇಂದ್ರದ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರು ಎಂದು ಆ ಕಥೆ ಸಾಗುತ್ತದೆ. ನನ್ನ ತಕರಾರು ಇರುವುದು ನಡುವಿನ ಮಾತಿಗೆ. ಮೌನ ಮುರಿದವರು ಹೆಣ್ಣುಮಕ್ಕಳು. ಬೆಂಗಳೂರಿನ ಸಂಧ್ಯಾ ಮೆನನ್ ಅವರಂಥ ಪತ್ರಕರ್ತೆಯರು ತಮ್ಮ ಹೆಸರಿನಲ್ಲೇ ಬರೆದರು, ಹೆಸರು ಹೇಳಿಕೊಳ್ಳಲಾಗದವರ ಮಾತುಗಳನ್ನೂ ತಮ್ಮ ಖಾತೆಯಿಂದ ಹೊರಗೆ ತಂದರು. ಸುದ್ದಿಮನೆಗಳು ಬಹುಪಾಲು ಮಾಡಿದ್ದು ಆ ಬರಹಗಳ ಸ್ಕ್ರೀನ್‌ಶಾಟ್ ಎತ್ತಿಕೊಂಡು, ಮೇಲೊಂದು ತಲೆಬರಹ ಕೊಟ್ಟು, ಕೊನೆಯಲ್ಲಿ ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂದು ಸೇರಿಸಿ ಪ್ರಕಟಿಸುವ ಕೆಲಸ. ಅದಕ್ಕೆ ಸಿಕ್ಕಿರುವ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು.

ಜಾಲತಾಣದಲ್ಲಿ ಹೆಸರಿಲ್ಲದ ಆರೋಪವೊಂದು ಕಾಣಿಸಿಕೊಂಡಾಗ ನಮ್ಮ ಡೆಸ್ಕಿಗೆ ಎರಡೇ ದಾರಿ ಹೊಳೆಯುತ್ತವೆ. ಹಾಗ್ಹಾಗೇ ಹಾಕುವುದು, ಇಲ್ಲವೇ ಮುಟ್ಟದೆ ಬಿಡುವುದು. ಮೊದಲನೆಯದಕ್ಕೆ ಧೈರ್ಯವೆಂಬ ಹೆಸರಿದೆ, ಎರಡನೆಯದಕ್ಕೆ ಜವಾಬ್ದಾರಿಯೆಂಬ ಹೆಸರು. ಎರಡರಲ್ಲೂ ವರದಿಗಾರ ಕುರ್ಚಿಯಿಂದ ಏಳುವುದಿಲ್ಲ. ಅನಾಮಿಕ ಆರೋಪವನ್ನು ಪತ್ರಕರ್ತರು ತನಿಖೆ ಮಾಡಲೇಬೇಕು, ಆ ತನಿಖೆ ಮುಗಿಯುವ ತನಕ ಅದನ್ನು ಅಚ್ಚು ಹಾಕಬಾರದು ಎಂಬುದು ನನ್ನ ಖಚಿತ ನಿಲುವು. ಇದಕ್ಕೆ ಮಾದರಿಯೂ ಇದೆ. ನಮ್ಮಲ್ಲಿ ಅದರ ಹೆಸರು ಕೇಳಿದವರು ಬಹಳ, ಕೂತು ಓದಿದವರು ಕಡಿಮೆ.

2017ರ ನವೆಂಬರ್ 9ರಂದು ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿದ ವರದಿ ಅದು. ಅಮೆರಿಕದ ಹಾಸ್ಯನಟ ಲೂಯಿ ಸಿ.ಕೆ. ವಿರುದ್ಧ ಐವರು ಮಹಿಳೆಯರು ಮಾಡಿದ ಲೈಂಗಿಕ ದುರ್ವರ್ತನೆಯ ಆರೋಪಗಳನ್ನು ಮೆಲೀನಾ ರೈಜಿಕ್, ಕಾರಾ ಬಕ್ಲಿ, ಜೋಡಿ ಕ್ಯಾಂಟರ್ ಮೂವರೂ ಸೇರಿ ವರದಿ ಮಾಡಿದ್ದರು. ಈ ಆರೋಪ ಹೊಸದಾಗಿರಲಿಲ್ಲ. 2012ರಲ್ಲೇ ‘ಗಾಕರ್’ ಎಂಬ ಜಾಲತಾಣ ನಟನ ಹೆಸರನ್ನೂ ಹೇಳದೆ, ಹೇಳಿದವರ ಹೆಸರನ್ನೂ ಕೊಡದೆ ಒಂದು ಗುಸುಗುಸು ಸುದ್ದಿ ಬರೆದಿತ್ತು. 2015ರಲ್ಲಿ ಹೆಸರಿಟ್ಟು ಮತ್ತೆ ಬರೆಯಿತು. ಅಷ್ಟರಿಂದ ಆದದ್ದೇನು? ಕೇಳಿದವರಿಗೆಲ್ಲ ಲೂಯಿ ಇವು ಬರೀ ವದಂತಿ, ಉತ್ತರಿಸುವುದಿಲ್ಲ ಎಂದರು. 2017ರ ಸೆಪ್ಟೆಂಬರಿನಲ್ಲಿ, ವರದಿಗೆ ಎರಡು ತಿಂಗಳ ಮುಂಚೆ, ಇದೇ ಟೈಮ್ಸ್‌ಗೂ ಹಾಗೇ ಹೇಳಿದ್ದರು. ಐದು ವರ್ಷ ಆ ಗಾಳಿಮಾತು ಆರೋಪಿತರಿಗೇ ಗುರಾಣಿಯಾಗಿತ್ತು. ಪ್ರಕಟಿಸಿದ ಮಾತ್ರಕ್ಕೆ ಸತ್ಯ ಹೊರಬೀಳುತ್ತದೆ ಎಂದು ನಂಬಿದವರು ಈ ಐದು ವರ್ಷಗಳನ್ನು ಗಮನಿಸಬೇಕು.

ವರದಿಯ ಒಳಗೆ ಹೋಗೋಣ. ಐವರಲ್ಲಿ ನಾಲ್ವರು ತಮ್ಮ ಹೆಸರು ಹೇಳಿ ಮಾತಾಡಿದ್ದಾರೆ. ಚಿಕಾಗೋದ ಇಬ್ಬರು ಹಾಸ್ಯ ಕಲಾವಿದೆಯರ ಘಟನೆಗೆ ವರ್ಷ 2002, ಊರು ಕೊಲರಾಡೋದ ಆಸ್ಪೆನ್, ಸಂದರ್ಭ ಅಲ್ಲಿಯ ಹಾಸ್ಯೋತ್ಸವ, ಜಾಗ ಹೋಟೆಲ್ ಕೋಣೆ. ಇನ್ನೊಬ್ಬರದು 2005ರಲ್ಲಿ ಟಿವಿ ಕಾರ್ಯಕ್ರಮವೊಂದರ ಚಿತ್ರೀಕರಣದ ವೇಳೆ ನಡೆದದ್ದು. ಅದರ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಕೋರ್ಟನಿ ಕಾಕ್ಸ್ ಮತ್ತು ಡೇವಿಡ್ ಆರ್ಕೆಟ್ ಅವರನ್ನು ವರದಿಗಾರರು ಸಂಪರ್ಕಿಸಿದರು, ಅವರಿಬ್ಬರೂ ವಿಷಯ ಆಗಲೇ ತಮಗೆ ತಿಳಿದಿತ್ತೆಂದು ಖಚಿತಪಡಿಸಿದರು. ಇವೆಲ್ಲ ಒಳ್ಳೆಯ ವರದಿಗಾರಿಕೆ. ಆದರೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಐದನೆಯ ಮಹಿಳೆಯ ಭಾಗ.

ಆಕೆ ತೊಂಬತ್ತರ ದಶಕದ ಕೊನೆಯಲ್ಲಿ ‘ದಿ ಕ್ರಿಸ್ ರಾಕ್ ಶೋ’ ಎಂಬ ಟಿವಿ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದವರು. ಆಕೆಯ ಹೆಸರು ವರದಿಯಲ್ಲಿಲ್ಲ. ಮೇಲ್ನೋಟಕ್ಕೆ ಇದೂ ಒಂದು ಅನಾಮಿಕ ಆರೋಪವೇ. ಹೀಗಿದ್ದೂ ಇದಕ್ಕೂ 2012ರ ಗುಸುಗುಸುವಿಗೂ ಅಜಗಜಾಂತರ. ಆಕೆ ಯಾರೆಂದು ಮೂವರು ವರದಿಗಾರ್ತಿಯರಿಗೆ ಗೊತ್ತು. ಆಕೆಯ ಹೆಸರನ್ನು ಏಕೆ ಕೊಡುತ್ತಿಲ್ಲವೆಂದು ಓದುಗರಿಗೆ ಕಾರಣ ಹೇಳಿದ್ದಾರೆ: ಆಕೆಯ ಕುಟುಂಬದ ಖಾಸಗಿತನ ಉಳಿಸಲು, ಈ ಪ್ರಕರಣದ ಜೊತೆ ಆಕೆಯ ಹೆಸರು ಎಲ್ಲೂ ತಳಕು ಹಾಕಿಕೊಂಡಿರಲಿಲ್ಲವಾದ್ದರಿಂದ. ಅಷ್ಟಕ್ಕೇ ನಿಲ್ಲದೆ, ಆಕೆ ಆ ದಿನಗಳಲ್ಲೇ ಯಾರಿಗೆ ಹೇಳಿಕೊಂಡಿದ್ದರೋ ಆ ಸಹೋದ್ಯೋಗಿಯನ್ನು ಹುಡುಕಿ ಮಾತಾಡಿಸಿ, ಅವರೂ ಹೌದೆಂದಿದ್ದಾರೆಂದು ಬರೆದಿದ್ದಾರೆ.

ಈ ನಾಲ್ಕೈದು ವಾಕ್ಯಗಳಲ್ಲಿ ಇಡೀ ವಾದದ ತಿರುಳಿದೆ. ಅನಾಮಿಕತೆ ಎರಡು ಬಗೆಯದು. ಓದುಗರಿಗೆ ಅನಾಮಿಕರಾಗಿರುವುದು ಒಂದು, ವರದಿಗಾರರಿಗೇ ಅನಾಮಿಕರಾಗಿರುವುದು ಇನ್ನೊಂದು. ಮೊದಲನೆಯದು ನೊಂದವರಿಗೆ ಸಲ್ಲಬೇಕಾದ ರಕ್ಷಣೆ. ಎರಡನೆಯದು ವರದಿಯೇ ಆಗಿಲ್ಲ ಎಂಬುದಕ್ಕೆ ಪುರಾವೆ. ವರದಿಗಾರರ ಕೆಲಸ ಎರಡನೆಯದನ್ನು ಮೊದಲನೆಯದಾಗಿ ಮಾಡುವುದು. ಅಂದರೆ ಖಾತೆಯ ಹಿಂದಿರುವ ವ್ಯಕ್ತಿಯನ್ನು ತಲುಪುವುದು, ಆಕೆಯ ವಿಶ್ವಾಸ ಗಳಿಸುವುದು, ಘಟನೆಗೆ ದಿನ-ಜಾಗ ಹಚ್ಚುವುದು, ಆಗ ಕಿವಿಗೊಟ್ಟವರನ್ನು ಹುಡುಕುವುದು, ಆರೋಪಿತರಿಗೆ ಪೂರ್ತಿ ವಿವರ ಕೊಟ್ಟು ಉತ್ತರ ಕೇಳುವುದು. ಟೈಮ್ಸ್ ಕೇಳಿದಾಗ ಲೂಯಿ ಅವರ ಪ್ರಚಾರಕರು, ಅವರು ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ ಎಂದರು. ವರದಿ ಬಂದ ಮರುದಿನ ಲೂಯಿ ಹೇಳಿಕೆ ಕೊಟ್ಟು, ಈ ಕಥೆಗಳು ನಿಜ ಎಂದು ಒಪ್ಪಿಕೊಂಡರು. ಐದು ವರ್ಷದ ವದಂತಿ ಮಾಡಲಾಗದ್ದನ್ನು ಒಂದು ವರದಿ ಒಂದೇ ದಿನದಲ್ಲಿ ಮಾಡಿತು.

ಈಗ ನಮ್ಮಲ್ಲಿಗೆ ಬರೋಣ. 2017ರ ಅಕ್ಟೋಬರಿನಲ್ಲಿ ಪತ್ರಕರ್ತೆ ಪ್ರಿಯಾ ರಮಣಿ ‘ವೋಗ್ ಇಂಡಿಯಾ’ದಲ್ಲಿ ಒಬ್ಬ ಸಂಪಾದಕರ ಹೋಟೆಲ್ ಕೋಣೆಯ ಸಂದರ್ಶನದ ಬಗ್ಗೆ ಬರೆದರು, ಹೆಸರು ಹೇಳಲಿಲ್ಲ. ಅದು ಎಂ.ಜೆ. ಅಕ್ಬರ್ ಎಂದು ಅವರೇ ಟ್ವೀಟ್ ಮಾಡಿ ಹೇಳಿದ್ದು 2018ರ ಅಕ್ಟೋಬರ್ 8ರಂದು. ಅಕ್ಬರ್ ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರು. ನಡುವಿನ ಒಂದು ವರ್ಷದಲ್ಲಿ ನಮ್ಮ ದೊಡ್ಡ ಪತ್ರಿಕೆಗಳಿಂದ ಈ ಬಗ್ಗೆ ಒಂದೂ ತನಿಖಾ ವರದಿ ಬರಲಿಲ್ಲ. ಆ ಸಂಪಾದಕರ ಕೈಕೆಳಗೆ ದುಡಿದವರು ದೇಶದ ಎಷ್ಟೋ ಸುದ್ದಿಮನೆಗಳಲ್ಲಿ ಇದ್ದರು. ಕೇಳಬೇಕಾದವರು ಪಕ್ಕದ ಟೇಬಲಿನಲ್ಲೇ ಕೂತಿದ್ದರು.

ಮುಂದೆ ಅಕ್ಬರ್ ಆರೋಪಗಳನ್ನು ಅಲ್ಲಗಳೆದರು, ರಮಣಿಯವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು, ಅಕ್ಟೋಬರ್ 17ರಂದು ರಾಜೀನಾಮೆ ಕೊಟ್ಟರು. 2021ರ ಫೆಬ್ರುವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ಖುಲಾಸೆ ಮಾಡಿತು. ಅಕ್ಬರ್ ಆ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ವಿಚಾರಣೆಯಲ್ಲಿ ರಮಣಿಯವರ ಮಾತಿಗೆ ಬಲ ಕೊಟ್ಟದ್ದು ಯಾವುದು? 1993ರ ಘಟನೆಯನ್ನು ಆ ಕಾಲದಲ್ಲೇ ಕೇಳಿದ್ದ ಗೆಳತಿ ಬಂದು ನುಡಿದ ಸಾಕ್ಷ್ಯ, ತನಗೂ ಅಂಥದೇ ಆಯಿತೆಂದು ಪತ್ರಕರ್ತೆ ಗಜಾಲಾ ವಹಾಬ್ ಕೊಟ್ಟ ಹೇಳಿಕೆ. ಐದನೆಯ ಮಹಿಳೆಯ ಸಹೋದ್ಯೋಗಿಯನ್ನು ಟೈಮ್ಸ್ ಹುಡುಕಿದ್ದು ಇದೇ ಕಾರಣಕ್ಕೆ. ಪತ್ರಿಕೆಗಳು ಮೊದಲೇ ಮಾಡಬಹುದಾಗಿದ್ದ ಕೆಲಸವನ್ನು ನಮ್ಮಲ್ಲಿ ನ್ಯಾಯಾಲಯ ಮಾಡಬೇಕಾಯಿತು, ಅದೂ ಒಬ್ಬ ಹೆಣ್ಣುಮಗಳು ಆರೋಪಿಯ ಜಾಗದಲ್ಲಿ ನಿಂತು ಎರಡು ವರ್ಷ ಅಲೆದ ಮೇಲೆ.

ಹಾಗ್ಹಾಗೇ ಹಾಕಿದ ಸುದ್ದಿಗೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಪ್ರಕರಣವಿದೆ. ಅದೇ ಅಲೆಯಲ್ಲಿ ಕಲಾ ಜಗತ್ತಿನ ಬಗ್ಗೆ ಅನಾಮಿಕ ಇನ್‌ಸ್ಟಾಗ್ರಾಂ ಖಾತೆಯೊಂದು ಹುಟ್ಟಿಕೊಂಡು, ಹಲವು ಹೆಸರಾಂತರ ಮೇಲೆ ಆರೋಪಗಳನ್ನು ಪ್ರಕಟಿಸಿತು. ಅವರಲ್ಲಿ ಒಬ್ಬ ಕಲಾವಿದರು ಆರೋಪ ಅಲ್ಲಗಳೆದು ದೆಹಲಿ ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಆ ಬರಹಗಳನ್ನು ತೆಗೆಯಲು ಹೇಳಿತು, ಅವುಗಳನ್ನು ಆಧರಿಸಿದ ಸುದ್ದಿಗಳ ಕೊಂಡಿಗಳನ್ನೂ ಗೂಗಲ್ ಹುಡುಕಾಟದಿಂದ ತೆಗೆಯಲು ಸೂಚಿಸಿತು. ಮುಂದಿನ ವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. ಆ ಆರೋಪ ನಿಜವೋ ಸುಳ್ಳೋ ಎಂಬುದು ಓದುಗರಿಗೆ ತಿಳಿಯಲೇ ಇಲ್ಲ. ಹೈಕೋರ್ಟಿನ ಆದೇಶ ವಾಕ್‌ಸ್ವಾತಂತ್ರ್ಯಕ್ಕೆ ಪೆಟ್ಟು ಎಂದು ಆಗ ಬರೆದವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಇನ್‌ಸ್ಟಾಗ್ರಾಂ ಬರಹವನ್ನೇ ನೆಚ್ಚಿ ನಿಂತ ಸುದ್ದಿಗೆ ಅದು ಹೋದಮೇಲೆ ಸ್ವಂತ ನೆಲೆ ಯಾವುದು? ಹೇಳಿದವರಷ್ಟೇ ಪ್ರಕಟಿಸಿದವರೂ ಹೊಣೆ ಎನ್ನುತ್ತದೆ ನಮ್ಮ ಮಾನನಷ್ಟ ಕಾನೂನು. ವರದಿಗಾರರು ತಾವೇ ನಾಲ್ಕು ಜನರನ್ನು ಮಾತಾಡಿಸಿ, ತಾವೇ ದಾಖಲೆ ನೋಡಿ ಬರೆದಿದ್ದರೆ ಕೋರ್ಟಿನಲ್ಲಿ ಹೋರಾಡಲು ಕೈಯಲ್ಲೇನಾದರೂ ಇರುತ್ತಿತ್ತು.

ಈ ವಿಷಯದಲ್ಲಿ ನನಗೆ ಜಗಳವಿರುವುದು ಸುದ್ದಿಮನೆಗಳ ಜೊತೆಗಷ್ಟೇ ಅಲ್ಲ. 2017ರ ಅಕ್ಟೋಬರಿನಲ್ಲಿ ರಾಯಾ ಸರ್ಕಾರ್ ಫೇಸ್‌ಬುಕ್ಕಿನಲ್ಲಿ ಲೈಂಗಿಕ ಕಿರುಕುಳದ ಆರೋಪ ಹೊತ್ತ ಅಧ್ಯಾಪಕರ ಹೆಸರುಗಳ ಪಟ್ಟಿ ಹಾಕಿದಾಗ ನಮ್ಮ ಚಿಂತಕರು ಎರಡು ಬಣವಾದರು. ದೂರಿದವರ ಹೆಸರು ಅದರಲ್ಲಿರಲಿಲ್ಲ, ಬಹುಪಾಲು ಹೆಸರುಗಳ ಮುಂದೆ ನಡೆದದ್ದೇನೆಂಬ ವಿವರವೂ ಇರಲಿಲ್ಲ. ನಿವೇದಿತಾ ಮೆನನ್ ಸೇರಿದಂತೆ ಹಿರಿಯ ಸ್ತ್ರೀವಾದಿಗಳು, ಇದು ನ್ಯಾಯಸಮ್ಮತ ಪ್ರಕ್ರಿಯೆಯಲ್ಲ, ಪಟ್ಟಿ ಹಿಂತೆಗೆದುಕೊಳ್ಳಿ ಎಂದು ಹೇಳಿಕೆ ಕೊಟ್ಟರು. ಕಿರಿಯರು, ಮುಖ್ಯವಾಗಿ ದಲಿತ-ಬಹುಜನ ಹೆಣ್ಣುಮಕ್ಕಳು, ನಿಮ್ಮ ಪ್ರಕ್ರಿಯೆ ನಮಗೆ ಯಾವತ್ತು ನ್ಯಾಯ ಕೊಟ್ಟಿತು ಎಂದು ಕೇಳಿದರು. ಕಿರಿಯರ ಪ್ರಶ್ನೆಯಲ್ಲಿ ಹುರುಳಿತ್ತು. ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಲಿಖಿತ ದೂರು ಕೇಳುತ್ತದೆ, ಸಾಮಾನ್ಯವಾಗಿ ಮೂರು ತಿಂಗಳ ಗಡುವು ಹಾಕುತ್ತದೆ. ಸಂಶೋಧನಾ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಸಹಿ ಹಾಕಬೇಕಾದವರ ಮೇಲೆಯೇ ಮೂರು ತಿಂಗಳೊಳಗೆ ದೂರು ಬರೆಯಬೇಕೆಂದರೆ ಎಷ್ಟು ಜನ ಬರೆದಾರು? ಇಷ್ಟಿದ್ದೂ ಎರಡೂ ಬಣಗಳು ಪತ್ರಿಕೋದ್ಯಮವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಬ್ಬರಿಗೆ ಸಮಿತಿ ಬೇಕು, ಇನ್ನೊಬ್ಬರಿಗೆ ಪಟ್ಟಿ ಸಾಕು. ಸಮಿತಿ ಬಾಗಿಲು ಮುಚ್ಚಿದಾಗ, ಪಟ್ಟಿ ವಿವರ ಕೊಡದಾಗ, ನಡುವಿನ ಜಾಗದಲ್ಲಿ ನಿಲ್ಲಬೇಕಾದ್ದು ಪತ್ರಿಕೆ. ಅಧ್ಯಾಪಕರ ಮಾನದ ಬಗ್ಗೆ ಅಂಕಣ ಬರೆದವರು, ಪಟ್ಟಿಯ ಪರ ಘೋಷಣೆ ಬರೆದವರು ಬೇಕಾದಷ್ಟಿದ್ದರು. ಒಂದೊಂದು ಹೆಸರಿನ ಹಿಂದೆ ಹೋಗಿ ನಡೆದದ್ದೇನೆಂದು ವಿಚಾರಿಸಿದವರು ಬೆರಳೆಣಿಕೆಯಷ್ಟು.

ಮೂಕರ್ಜಿಗಳನ್ನು ಮುಟ್ಟುವುದಿಲ್ಲ ಎಂದು ಹೆಮ್ಮೆಯಿಂದ ಹೇಳುವ ಸಂಪಾದಕರಿಗೂ ಒಂದು ಮಾತು. ಮೂಕರ್ಜಿ ಮೇಲೆ ಕ್ರಮ ಬೇಡವೆಂದು ಕೇಂದ್ರ ಜಾಗೃತ ಆಯೋಗ 1999ರಲ್ಲಿ ಸುತ್ತೋಲೆ ಹೊರಡಿಸಿದ್ದು ನಿಜ. ಅದೇ ಆಯೋಗ 2002ರಲ್ಲಿ, ಪರಿಶೀಲಿಸಬಹುದಾದ ಸಂಗತಿಗಳಿದ್ದರೆ ನೋಡಬಹುದೆಂದು ಸಡಿಲಿಸಿತು, ಮುಂದೆ ಮತ್ತೆ ಬಿಗಿ ಮಾಡಿತು. ಶಿಕ್ಷೆ ಕೊಡುವ ಅಧಿಕಾರವುಳ್ಳ ಸರ್ಕಾರಕ್ಕೆ ಆ ಬಿಗಿ ಬೇಕಿರಬಹುದು. ಪತ್ರಕರ್ತರ ಕೈಯಲ್ಲಿ ಅಂಥ ಅಧಿಕಾರವಿಲ್ಲ, ಅವರ ಕೈಯಲ್ಲಿರುವುದು ವಿಚಾರಿಸುವ ಹಕ್ಕು. ಅದನ್ನೇ ಬಿಟ್ಟುಕೊಟ್ಟರೆ ಉಳಿಯುವುದೇನು?

ಈ ಎಚ್ಚರಿಕೆವಾದಿಗಳು ತಪ್ಪದೆ ಎತ್ತುವ ಉದಾಹರಣೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯದು. 2014ರ ನವೆಂಬರಿನಲ್ಲಿ ಅದು ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಬರೆದು, ಆಮೇಲೆ ವರದಿಯನ್ನೇ ಹಿಂಪಡೆಯಬೇಕಾಯಿತು. ನೋಡಿ, ಹೆಸರಿಲ್ಲದವರ ಮಾತು ನಂಬಿದರೆ ಹೀಗಾಗುತ್ತದೆ ಎನ್ನುತ್ತಾರೆ. 2015ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಪತ್ರಿಕೋದ್ಯಮ ಶಾಲೆ ಆ ವೈಫಲ್ಯದ ಬಗ್ಗೆ ಕೊಟ್ಟ ವರದಿ ಹೇಳುವುದು ಬೇರೆ. ಆ ರಾತ್ರಿ ವಿದ್ಯಾರ್ಥಿನಿ ಭೇಟಿಯಾದರೆಂಬ ಮೂವರು ಗೆಳೆಯರನ್ನು ವರದಿಗಾರ್ತಿ ಮಾತಾಡಿಸಿರಲಿಲ್ಲ. ಆರೋಪಕ್ಕೆ ಗುರಿಯಾದ ವಿದ್ಯಾರ್ಥಿ ಸಂಘಕ್ಕೆ ದಿನಾಂಕವನ್ನೂ ವಿವರವನ್ನೂ ಕೊಡದೆ, ಬರೀ ಆರೋಪವಿದೆ ಏನಂತೀರಿ ಎಂದು ಕೇಳಿದ್ದರು. ವಿವರ ಸಿಕ್ಕಿದ್ದರೆ ಆ ಸಂಘ ತನ್ನ ದಾಖಲೆ ತೆಗೆದು ಹೊಂದದ ಸಂಗತಿಗಳನ್ನು ತೋರಿಸಬಹುದಿತ್ತು. ಮೂವರು ಗೆಳೆಯರನ್ನು ‘ವಾಷಿಂಗ್ಟನ್ ಪೋಸ್ಟ್’ ಹುಡುಕಿ ಮಾತಾಡಿಸಿದಾಗ ಕಥೆ ಕುಸಿಯಿತು. ಅಲ್ಲಿ ಸೋತದ್ದು ಮಾಡದೇ ಬಿಟ್ಟ ತನಿಖೆ. ಆ ಸೋಲನ್ನು ತೋರಿಸಿ ತನಿಖೆಯೇ ಬೇಡವೆನ್ನುವುದು ಕೊಲಂಬಿಯಾ ವರದಿಯನ್ನು ತಲೆಕೆಳಗಾಗಿ ಓದಿದಂತೆ.

ಮಿತಿಗಳಿವೆ, ಒಪ್ಪುತ್ತೇನೆ. ಜಾಲತಾಣದಲ್ಲಿ ಬರುವ ಪ್ರತಿ ಆರೋಪದ ಹಿಂದೆಯೂ ಹೋಗಲು ಯಾವ ಪತ್ರಿಕೆಗೂ ಜನವಿಲ್ಲ. ಆರೋಪಿತರ ಕೈಯಲ್ಲಿ ಇತರರ ಬದುಕಿನ ಮೇಲೆ ಅಧಿಕಾರವಿದೆಯೇ ಎಂಬುದು ಮೊದಲ ಜರಡಿಯಾಗಬೇಕು. ಅಧಿಕಾರವಿಲ್ಲದ ಖಾಸಗಿ ವ್ಯಕ್ತಿಯ ಹೆಸರನ್ನು ಬೀದಿಗೆ ತರುವುದು ಕ್ರೌರ್ಯ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬೆನ್ನಿಗೆ ಜಾಲತಾಣದ ಅನಾಮಿಕರು ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನು ಬಾಂಬಿಟ್ಟವನೆಂದು ಗುರುತಿಸಿದರು, ಕೆಲವು ಪತ್ರಕರ್ತರೂ ಆ ಹೆಸರನ್ನು ಹಂಚಿದರು. ಆ ಹುಡುಗ ಸ್ಫೋಟಕ್ಕೆ ಮೊದಲೇ ತೀರಿಕೊಂಡಿದ್ದ. ಮಗನನ್ನು ಹುಡುಕುತ್ತಿದ್ದ ಮನೆಯವರು ಜಾಲತಾಣಿಗರ ಬೈಗುಳವನ್ನೆಲ್ಲ ಕೇಳಬೇಕಾಯಿತು.

ಹೆಸರು ಗುಟ್ಟಾಗಿಟ್ಟೂ ಗಟ್ಟಿಯಾಗಿ ವಿಚಾರಿಸಬಹುದೆಂದು ನೆರೆಯ ಕೇರಳ ತೋರಿಸಿದೆ. ನ್ಯಾಯಮೂರ್ತಿ ಹೇಮಾ ಸಮಿತಿ ಚಿತ್ರರಂಗದ ಹೆಣ್ಣುಮಕ್ಕಳನ್ನು ಎದುರು ಕೂರಿಸಿಕೊಂಡು ಕೇಳಿತು, ಹೇಳಿದವರ ಗುರುತು ಕಾಯ್ದಿತು. 2019ರ ಕೊನೆಯಲ್ಲಿ ಸಲ್ಲಿಸಿದ ಆ ವರದಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ಅಂಥದೇ ಸಮಿತಿ ಬೇಕೆಂದು ಕನ್ನಡ ಚಿತ್ರರಂಗದ ‘ಫೈರ್’ ಸಂಸ್ಥೆ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ನಮ್ಮ ಪತ್ರಿಕೆಗಳು ಆ ಮನವಿಯ ಸುದ್ದಿ ಹಾಕಿದವು. ಆ ಮನವಿಯ ಹಿಂದಿರುವ ಅನುಭವಗಳನ್ನು ಹುಡುಕಿಕೊಂಡು ಹೋಗಲು ಸರ್ಕಾರದ ಅಪ್ಪಣೆ ಬೇಕಿಲ್ಲ.

ಮುಂದಿನ ಅನಾಮಿಕ ಬರಹ ಡೆಸ್ಕಿಗೆ ಬಂದಾಗ ಸಂಪಾದಕರು ಕೇಳಬೇಕಾದದ್ದು ನಾಲ್ಕು: ಹೇಳಿದವರು ಯಾರೆಂದು ನಮಗೆ ಗೊತ್ತೇ? ಆಗ ಅವರು ಯಾರಿಗೆ ಹೇಳಿದ್ದರು? ದಾಖಲೆ ಏನಿದೆ? ಆರೋಪಿತರಿಗೆ ಪೂರ್ತಿ ವಿವರ ಕೊಟ್ಟು ಉತ್ತರಕ್ಕೆ ಸಮಯ ಕೊಟ್ಟೆವೇ? ಉತ್ತರ ಸಿಗುವ ತನಕ ಸುದ್ದಿ ಕಾಯಲಿ. ಆದರೆ ಉತ್ತರ ಹುಡುಕಲು ಒಬ್ಬ ವರದಿಗಾರರನ್ನು ಅಂದೇ ಕಳಿಸಬೇಕು. ಹಾಗೆ ಕಳಿಸದ ಪತ್ರಿಕೆಗೆ 2018ರ ಹೆಣ್ಣುಮಕ್ಕಳ ಧೈರ್ಯದಲ್ಲಿ ಪಾಲು ಕೇಳುವ ಹಕ್ಕಿಲ್ಲ.