ತಪ್ಪು ದಿನಾಂಕಕ್ಕೂ ತಲೆಯಾಡಿಸುವ ಜಾವಾಸ್ಕ್ರಿಪ್ಟ್

ಜಾವಾಸ್ಕ್ರಿಪ್ಟ್‌ನ ‘ಡೇಟ್’ಗೆ 2024-01-15 ಎಂದು ಕೊಟ್ಟರೆ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದಿಕೊಳ್ಳುತ್ತದೆ. ನಡುವಿನ ಅಡ್ಡಗೆರೆ ತೆಗೆದು 2024/01/15 ಎಂದು ಓರೆಗೆರೆ ಹಾಕಿದರೆ ನಮ್ಮೂರಿನ ಮಧ್ಯರಾತ್ರಿ. ಒಂದು ಗೆರೆ ವಾಲಿದ್ದಕ್ಕೆ ಭಾರತದಲ್ಲಿ ಐದೂವರೆ ಗಂಟೆ ವ್ಯತ್ಯಾಸ!

ಬೆಂಗಳೂರಿನಲ್ಲಿ ಕೂತು ಜನ್ಮದಿನಾಂಕದ ಫಾರ್ಮ್ ಬರೆಯುವವರಿಗೆ ಮೊದಲ ರೂಪದ ದೋಷ ಕಣ್ಣಿಗೇ ಬೀಳುವುದಿಲ್ಲ. ಯುಟಿಸಿ ಮಧ್ಯರಾತ್ರಿ ನಮಗೆ ಬೆಳಗಿನ 5:30. ತಾರೀಖು 15 ಆಗಿಯೇ ಉಳಿಯುತ್ತದೆ, ಟೆಸ್ಟ್ ಪಾಸಾಗುತ್ತದೆ. ಅದೇ ಪುಟವನ್ನು ನ್ಯೂಜೆರ್ಸಿಯ ಕನ್ನಡ ಕುಟುಂಬ ತೆರೆದಾಗ ಅಲ್ಲಿ 14ರ ಸಂಜೆ ಏಳು ಗಂಟೆ. ಮಗುವಿನ ಹುಟ್ಟುಹಬ್ಬ ಒಂದು ದಿನ ಹಿಂದಕ್ಕೆ ಹೋಗಿರುತ್ತದೆ. ಓರೆಗೆರೆಯ ರೂಪ ನಮ್ಮನ್ನೂ ಬಿಡುವುದಿಲ್ಲ. ಅದನ್ನು ಯುಟಿಸಿಗೆ ಬದಲಿಸಿ ಡೇಟಾಬೇಸಿಗೆ ಕಳಿಸಿದರೆ ಅಲ್ಲಿ ದಾಖಲಾಗುವುದು 14ರ ಸಂಜೆ 6:30.

1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯನ್ನು ಹತ್ತೇ ದಿನಗಳಲ್ಲಿ ಕಟ್ಟುವಾಗ ‘ಡೇಟ್’ ಅನ್ನು ಜಾವಾದಿಂದ ಹಾಗೆಯೇ ತರಲಾಯಿತು. ಜಾವಾ 1997ರಲ್ಲೇ ಅದರ ಬಹುಪಾಲನ್ನು ಬಳಸಬೇಡಿ ಎಂದು ಬದಿಗಿಟ್ಟಿತು. ಜಾವಾಸ್ಕ್ರಿಪ್ಟ್‌ಗೆ ಅದನ್ನು ಬಿಡಲಾಗಲಿಲ್ಲ, ಹಳೆಯ ವೆಬ್‌ಸೈಟುಗಳು ಮುರಿದು ಬೀಳುತ್ತವಲ್ಲ. ಈ ಕಾರಣವನ್ನು ನಾನು ಒಪ್ಪುತ್ತೇನೆ.

ಒಪ್ಪಲಾಗದ್ದು ಅದರ ಊಹೆಯ ಚಟ. ನಾವು ಮಾರ್ಚ್ 2 ಎಂದುಕೊಂಡು 02/03/2024 ಬರೆದರೆ ಅದು ಅಮೆರಿಕದ ಪದ್ಧತಿಯಂತೆ ಫೆಬ್ರವರಿ 3 ಎಂದು ಓದುತ್ತದೆ. ದಿನ 12 ದಾಟಿದಾಗ ಮಾತ್ರ ತಪ್ಪು ಹೊರಬರುತ್ತದೆ. ಅಲ್ಲಿಯವರೆಗೆ ಎಷ್ಟು ದಾಖಲೆಗಳು ಕೆಟ್ಟಿರುತ್ತವೋ! 2024-01-15ರಂಥ ಐಎಸ್‌ಒ ರೂಪಕ್ಕೆ ಹೊಂದದ ಪಠ್ಯವನ್ನು ಹೇಗೆ ಓದಬೇಕೆಂಬುದನ್ನು ಮಾನದಂಡ ಆಯಾ ಬ್ರೌಸರಿಗೇ ಬಿಟ್ಟಿದೆ. ಹಾಗಾಗಿ ಕ್ರೋಮ್‌ಗೆ ಇಂಗ್ಲಿಷಿನಲ್ಲಿ ‘ರೂಮ್ 7’ ಎಂದು ಕೊಟ್ಟರೂ ಅದು 2001ರ ಜುಲೈ 1 ಎಂದು ಉತ್ತರಿಸುತ್ತದೆ. ಗೊತ್ತಿಲ್ಲ ಎನ್ನಬೇಕಾದ ಕಡೆ ಉತ್ತರ ಹೇಳುವುದೇ ಇದರ ದೊಡ್ಡ ದೋಷ. ಎರರ್ ಬಂದರೆ ಅದೇ ದಿನ ಸರಿಪಡಿಸಬಹುದು. ಸುಳ್ಳು ತಾರೀಖು ವರ್ಷಗಟ್ಟಲೆ ಕಡತದಲ್ಲಿ ಕೂತಿರುತ್ತದೆ.

2025ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ 139ರ ಜೊತೆ ಬಂದ, ಜಾವಾಸ್ಕ್ರಿಪ್ಟ್‌ನ ಹೊಸ ದಿನಾಂಕ ವ್ಯವಸ್ಥೆ ‘ಟೆಂಪೊರಲ್’ ಇಲ್ಲಿ ನನಗೆ ಮೆಚ್ಚುಗೆಯಾಗುತ್ತದೆ. ಅದರ ‘ಪ್ಲೇನ್‌ಡೇಟ್’ಗೆ ಟೈಮ್‌ಝೋನೇ ಇಲ್ಲ, ಹುಟ್ಟಿದ ದಿನ ಎಲ್ಲಿ ನೋಡಿದರೂ ಅದೇ ದಿನ. 02/03/2024 ಕೊಟ್ಟರೂ, ಪಠ್ಯರೂಪದಲ್ಲಿ ಫೆಬ್ರವರಿ 31 ಕೊಟ್ಟರೂ ನೇರವಾಗಿ ಎರರ್ ಎಸೆಯುತ್ತದೆ.

ಹೊಸ ಕೆಲಸ ಶುರುಮಾಡುವವರು ಅದನ್ನೇ ಬಳಸಿ. ಇಲ್ಲದ ಬ್ರೌಸರುಗಳಿಗೆ ಪಾಲಿಫಿಲ್ ಇದೆ. ಹಳೆಯ ಕೋಡ್ ನೋಡಿಕೊಳ್ಳುವವರು ಕಂಪ್ಯೂಟರಿನ ಟೈಮ್‌ಝೋನ್ ಅನ್ನು ನ್ಯೂಯಾರ್ಕಿಗೆ ಬದಲಿಸಿ, ನಿಮ್ಮ ಟೆಸ್ಟುಗಳನ್ನು ಒಮ್ಮೆ ಓಡಿಸಿ ನೋಡಿ.