‘ಫ್ರೀಸ್ಪೇಸ್ 2’: ಅಭಿಮಾನಿಗಳ ಮಿಷನ್‌ಗಳಲ್ಲಿ ಸಂವಿಧಾನ

ಗಣಕಯಂತ್ರದ ಆಟವೊಂದಕ್ಕೆ ಆಟಗಾರರೇ ರಚಿಸಿ ಸೇರಿಸಿದ ಭಾಗಗಳನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಘಟನೆಗಳನ್ನು ಒಂದು ಕ್ರಮದಲ್ಲಿ ಹೆಣೆದು, ಪಾತ್ರಗಳ ಬಾಯಿಗೆ ಮಾತು ಕೊಟ್ಟು, ಸಹೃದಯನಲ್ಲಿ ಭಯವನ್ನೋ ಶೋಕವನ್ನೋ ಉಂಟುಮಾಡಲೆಳಸುವ ರಚನೆ ಯಾವುದೇ ಆಗಲಿ, ಅದರ ಗುಣದೋಷಗಳ ವಿಚಾರ ಅಪ್ರಸ್ತುತವೆನ್ನಲಾಗದು. ವ್ಯೋಮಯುದ್ಧದ ಆಟವಾದ ‘ಫ್ರೀಸ್ಪೇಸ್ 2’ಕ್ಕೆ ಅಭಿಮಾನಿಗಳು ಬರೆದಿರುವ ಮಿಷನ್‌ಗಳು, ಎಂದರೆ ಒಂದೊಂದು ಕಾರ್ಯಾಚರಣೆಯನ್ನು ವಸ್ತುವಾಗಿ ಉಳ್ಳ ಖಂಡಗಳು, ಇಂಥವು. ಇವುಗಳ ವಿಷಯದಲ್ಲಿ ನಾವು ಇಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಮುಂದಾಗುವುದನ್ನು ಕರ್ತೃ ಮೊದಲೇ ನಿಶ್ಚಯಿಸಿಬಿಟ್ಟಿದ್ದರೆ ಆಟಗಾರನ ಪ್ರಯತ್ನಕ್ಕೆ ಬೆಲೆಯೇನು?

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕದ ಇಲಿನಾಯ್ ರಾಜ್ಯದ ವೊಲಿಷನ್ ಸಂಸ್ಥೆ 1998ರಲ್ಲಿ ಮೊದಲ ‘ಫ್ರೀಸ್ಪೇಸ್’ ಆಟವನ್ನೂ 1999ರಲ್ಲಿ ಎರಡನೆಯದನ್ನೂ ಹೊರತಂದಿತು, ಪ್ರಕಾಶಕರು ಇಂಟರ್‌ಪ್ಲೇ. ಮೊದಲಿನದರ ಕೊನೆಗೆ ಸೌರಮಂಡಲಕ್ಕೆ ಹೋಗುವ ದಾರಿಯೇ ಕುಸಿದು ಭೂಮಿ ಉಳಿದ ಮಾನವ ವಸಾಹತುಗಳಿಂದ ಬೇರ್ಪಡುತ್ತದೆ. ಎರಡನೆಯದರ ಕೊನೆಗೆ ಷಿವನ್ನರೆಂಬ ಶತ್ರುಗಳು ಕಪೆಲ್ಲಾ ಎಂಬ ನಕ್ಷತ್ರವನ್ನೇ ಸ್ಫೋಟಿಸುತ್ತಾರೆ. ಹಾಗೇಕೆ ಮಾಡಿದರೆಂಬುದಕ್ಕೆ ಆಟದಲ್ಲಿ ಉತ್ತರವಿಲ್ಲ. ಮೂರನೆಯ ಆಟ ಬರಲೇ ಇಲ್ಲ. 2002ರಲ್ಲಿ ಸಂಸ್ಥೆಯು ಆಟದ ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. 2023ರಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು. ಕಥೆ ಅರ್ಧಕ್ಕೆ ನಿಂತದ್ದು, ಅದನ್ನು ಮುಂದುವರಿಸುವ ಉಪಕರಣ ಆಟದೊಡನೆಯೇ ಕೈಗೆ ಬಂದದ್ದು, ಈ ಎರಡು ಕಾರಣಗಳಿಂದ ಅಭಿಮಾನಿಗಳ ರಚನೆಗಳು ಇಷ್ಟು ಹುಲುಸಾಗಿ ಬೆಳೆದುವೆಂದು ನಮ್ಮ ಊಹೆ.

ಆ ಉಪಕರಣಕ್ಕೆ ‘ಫ್ರೆಡ್’ ಎಂದು ಹೆಸರು. ಅದರಲ್ಲಿ ಕರ್ತೃವು ನೌಕೆಗಳನ್ನು ಶೂನ್ಯದಲ್ಲಿ ನೆಲೆಗೊಳಿಸಿ, ಅವು ಯಾವಾಗ ಬರಬೇಕು, ಯಾವಾಗ ತೆರಳಬೇಕು, ಯಾರು ಯಾವಾಗ ಏನು ಹೇಳಬೇಕು ಎಂಬುದನ್ನು ಗೊತ್ತುಮಾಡುತ್ತಾನೆ. ಆದರೆ ಹೀಗೆ ಗೊತ್ತುಮಾಡುವುದು ಘಟನೆಯನ್ನು ಬರೆಯುವುದಲ್ಲ, ನಿಬಂಧನೆಯನ್ನು ಬರೆಯುವುದು. ‘ಈ ಹಡಗು ನಾಶವಾಗಿ ಇಷ್ಟು ಸೆಕೆಂಡು ಕಳೆದ ಮೇಲೆ ಈ ಸಂದೇಶ’, ‘ಈ ತಂಡ ಹಿಂದಿರುಗದಿದ್ದರೆ ಆ ತಂಡ’ ಎಂಬಂತೆ ಷರತ್ತುಗಳನ್ನು, ಲಿಸ್ಪ್ ಎಂಬ ಗಣಕಭಾಷೆಯಿಂದ ಪಡೆದ ರೀತಿಯಲ್ಲಿ, ಒಂದರೊಳಗೊಂದು ಕೊಂಬೆಗಳಾಗಿ ಜೋಡಿಸುತ್ತಾರೆ. ಕಾದಂಬರಿಕಾರನಿಗೆ ಈ ತೊಂದರೆಯಿಲ್ಲ. ಅವನ ನಾಯಕ ಅವನು ಹೇಳಿದಲ್ಲಿಗೆ ಹೋಗುತ್ತಾನೆ. ಇಲ್ಲಿಯ ನಾಯಕ ಅವಿಧೇಯ. ರಕ್ಷಿಸಬೇಕಾದ ಹಡಗನ್ನು ಬಿಟ್ಟು ದೂರದ ಶತ್ರುವನ್ನು ಬೆನ್ನಟ್ಟಿ ಹೋದರೂ ಹೋದನೇ. ಆದುದರಿಂದ ಒಳ್ಳೆಯ ಕರ್ತೃವಿನ ಕೌಶಲ ಕಾಣುವುದು ಆಗಬೇಕಾದದ್ದರಲ್ಲಿ ಮಾತ್ರವಲ್ಲ, ಆಗದೆ ಹೋದದ್ದಕ್ಕೆ ಅವನು ಮಾಡಿಟ್ಟ ಏರ್ಪಾಡಿನಲ್ಲಿಯೂ. ಹಡಗು ಸಿಡಿದ ಮೇಲೆ ನಾಯಕನ ದನಿ ಕೇಳುವುದಕ್ಕೆ ಮುಂಚೆ ಬಿಟ್ಟ ಕೆಲವೇ ಸೆಕೆಂಡುಗಳ ಮೌನ, ಅದೂ ಒಂದು ಅಂಕಿಯಾಗಿಯೇ ಬರೆದದ್ದು, ಎಷ್ಟೋ ಮಾತುಗಳಿಗಿಂತ ಮಿಗಿಲಾದ ಪರಿಣಾಮವನ್ನು ಉಂಟುಮಾಡಬಲ್ಲುದು.

ಈಗ ಪ್ರಶ್ನೆಗೆ ಬರೋಣ. ಫ್ರೆಡ್‌ನಲ್ಲಿ ‘ಗಾರ್ಡಿಯನ್’ ಎಂಬ ಒಂದು ಸೌಕರ್ಯವಿದೆ. ಅದನ್ನು ಪಡೆದ ನೌಕೆ ಎಷ್ಟು ಪೆಟ್ಟು ತಿಂದರೂ ಕೊನೆಯುಸಿರಿನಲ್ಲಿ ನಿಲ್ಲುತ್ತದೆ, ಸಾಯುವುದಿಲ್ಲ. ಮುಂದಿನ ಮಿಷನ್‌ಗೆ ಬೇಕಾದ ಹಡಗನ್ನು ಉಳಿಸಿಕೊಳ್ಳಲು ಕರ್ತೃಗಳು ಇದರ ಮೊರೆಹೋಗುವುದುಂಟು. ಆಟಗಾರನಿಗೆ ಮಾತ್ರ ‘ಈ ಹಡಗನ್ನು ಕಾಪಾಡು’ ಎಂದು ಆಜ್ಞೆ. ಅವನು ಬೆವರಿಳಿಸಿ ಕಾದುತ್ತಾನೆ, ಹಡಗು ಉಳಿಯುತ್ತದೆ, ಹಿಗ್ಗುತ್ತಾನೆ. ಎರಡನೆಯ ಸಲ ಆಡುವಾಗ ಸುಮ್ಮನೆ ನಿಂತು ನೋಡಿದರೂ ಅದು ಉಳಿಯುವುದನ್ನು ಕಂಡಾಗ ಮೊದಲನೆಯ ಹಿಗ್ಗು ಕೂಡ ಹಿಂದಿನಿಂದ ಕೆಡುತ್ತದೆ. ಇದನ್ನು ನಾವು ಕ್ಷಮ್ಯವಾದ ಕೌಶಲವೆಂದು ಒಪ್ಪಲಾರೆವು. ಆಜ್ಞೆಯಿಲ್ಲದ ಕಡೆ, ಹಿನ್ನೆಲೆಯಲ್ಲಿ ಹಾದುಹೋಗುವ ಹಡಗಿಗೆ, ಈ ಕವಚ ಇರಲಿ. ಕಾಪಾಡೆಂದು ಹೇಳಿದ ಮೇಲೆ ಆ ಹಡಗು ಮರ್ತ್ಯವಾಗಿರಬೇಕು. ನಮ್ಮ ಅಲಂಕಾರಿಕರು ಔಚಿತ್ಯವೆಂದು ಕರೆದ ಗುಣಕ್ಕೆ ಇಲ್ಲಿ ಬರುವ ಭಂಗ ಸಣ್ಣದಲ್ಲ.

ವಿಧಿ ಇರಕೂಡದೆಂದು ನಮ್ಮ ವಾದವಲ್ಲ. ಮೂಲ ಆಟದ ಕೊನೆಯ ಮಿಷನ್ನಾದ ‘ಅಪೊಕ್ಯಾಲಿಪ್ಸ್’ ಅನ್ನೇ ನೋಡಬಹುದು. ಕಪೆಲ್ಲಾ ಸ್ಫೋಟಿಸುವುದು ನಿಶ್ಚಿತ. ಆಟಗಾರನಿಗೂ ಅದು ಗೊತ್ತು. ನಿರಾಶ್ರಿತರನ್ನು ಹೊತ್ತ ನೌಕೆಗಳು ಹೊರಟಿವೆ. ಅವನು ಸಕಾಲದಲ್ಲಿ ತಪ್ಪಿಸಿಕೊಂಡು ಬದುಕಬಹುದು, ಇಲ್ಲವೆ ಕೊನೆಯವರೆಗೂ ಕಾವಲು ನಿಂತು ನಕ್ಷತ್ರದೊಡನೆ ಅಳಿಯಬಹುದು. ಎರಡನೆಯದನ್ನು ಆಟ ಸೋಲೆಂದು ಎಣಿಸದೆ, ಕಥೆಯ ಇನ್ನೊಂದು ಮುಕ್ತಾಯವಾಗಿ ಸ್ವೀಕರಿಸುತ್ತದೆ. ಸಾರಿ ಹೇಳಿದ ವಿಧಿಗೂ ಮುಚ್ಚಿಟ್ಟ ವಿಧಿಗೂ ಇರುವ ಅಂತರ ಇದು: ಮೊದಲನೆಯದು ಆಟಗಾರನಿಗೆ ಆಯ್ಕೆಯೊಂದನ್ನು ಉಳಿಸುತ್ತದೆ, ಎರಡನೆಯದು ಆಯ್ಕೆಯ ನಟನೆಯನ್ನು ಮಾತ್ರ ಮಾಡಿಸುತ್ತದೆ. ‘ಬೇರ್‌ಬೇಟಿಂಗ್’ ಎಂಬ ಇನ್ನೊಂದು ಮಿಷನ್ನಿನಲ್ಲಿಯೂ ಈ ವಿವೇಕ ಕಾಣುತ್ತದೆ. ಮೈಲಿಗಟ್ಟಲೆ ಉದ್ದದ ಶತ್ರುನೌಕೆಯನ್ನು ಒಬ್ಬ ಪೈಲಟ್ ನಾಶಮಾಡುವುದು ಅಸಂಭಾವ್ಯ. ಆದರೆ ಅದರ ಮುಂಭಾಗದ 4 ಮಹಾಕಿರಣಾಸ್ತ್ರಗಳನ್ನು ಮುರಿಯುವುದು ಸಂಭಾವ್ಯ. ಅಷ್ಟನ್ನೇ ಅವನಿಗೆ ಒಪ್ಪಿಸಲಾಗಿದೆ. ಅಭಿಮಾನಿಗಳ ಎಷ್ಟೋ ರಚನೆಗಳು ಎಡವುವುದು ಇಲ್ಲಿಯೇ. ಮಹಾನೌಕೆಗಳು ಪರಸ್ಪರ ಕಿರಣಗಳನ್ನು ಸುರಿಸುತ್ತಿರುವಾಗ ಆಟಗಾರ ಜಾತ್ರೆಯಲ್ಲಿ ತೇರು ನೋಡುವವನಂತೆ ಸುತ್ತುತ್ತಿರುತ್ತಾನೆ.

ಕವಚವಿಲ್ಲದೆ ಕಥೆ ಮುಂದುವರಿಯುವುದಾದರೂ ಹೇಗೆ ಎಂದು ಕೇಳಬಹುದು. ಪ್ರತಿಯೊಂದು ಫಲಕ್ಕೂ ಒಂದೊಂದು ಕವಲು ಬರೆಯುತ್ತ ಹೋದರೆ ಕೆಲಸ ಇಮ್ಮಡಿ ಮುಮ್ಮಡಿಯಾಗುತ್ತದೆ. ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಫ್ರೆಡ್‌ನಲ್ಲಿ ಗುರಿಗಳು ಮುಖ್ಯ, ಗೌಣ, ಹೆಚ್ಚುವರಿ ಎಂದು ಮೂರು ತೆರನಾಗಿವೆ. ಹಡಗಿನ ರಕ್ಷಣೆಯನ್ನು ಗೌಣ ಗುರಿಯಾಗಿಟ್ಟು, ಅದು ಮುಳುಗಿದರೆ ಯುದ್ಧಾನಂತರದ ವರದಿಯಲ್ಲಿ ಬೇರೆ ವಾಕ್ಯವನ್ನೂ, ಮುಂದಿನ ಮಿಷನ್ನಿನಲ್ಲಿ ಒಬ್ಬ ಜೊತೆಗಾರನ ಬಾಯಿಂದ ಬೇರೆ ಒಂದು ಮಾತನ್ನೂ ಬರಿಸಿದರೆ ಸಾಕು. ಹಿಂದಿನ ಮಿಷನ್ನಿನ ಗುರಿ ಈಡೇರಿತ್ತೇ ಎಂದು ಕೇಳುವ ಸೌಲಭ್ಯ ಆ ಉಪಕರಣದಲ್ಲಿಯೇ ಉಂಟು. ನಷ್ಟವನ್ನು ನೆನಪಿಟ್ಟ ಒಂದು ವಾಕ್ಯ ಇಡೀ ಕವಲಿನ ಕೆಲಸವನ್ನು ಮಾಡುತ್ತದೆ.

ಇನ್ನು ಪಾತ್ರದ ವಿಷಯ. ಮೂಲ ಆಟದಲ್ಲಿ ಆಟಗಾರನಿಗೆ ‘ಆಲ್ಫಾ 1’ ಎಂಬ ಸ್ಥಾನನಾಮವಲ್ಲದೆ ಬೇರೆ ಹೆಸರಿಲ್ಲ, ಮಾತಿಲ್ಲ. ಎಲ್ಲರೂ ಅವನಿಗೆ ಹೇಳುವವರೇ. ‘ಬ್ಲೂ ಪ್ಲಾನೆಟ್’ ಎಂಬ ಅಭಿಮಾನಿಕೃತ ಕಥಾಮಾಲೆ ಈ ಮೂಕತ್ವವನ್ನು ಮುರಿಯಿತು. ಮೊದಲ ಭಾಗದಲ್ಲಿ ಆಟಗಾರ ಸ್ಯಾಮ್ಯುಯೆಲ್ ಬೇಯ್. 2010ರಲ್ಲಿ ಆರಂಭವಾದ ‘ವಾರ್ ಇನ್ ಹೆವನ್’ನಲ್ಲಿ ನೊಯೆಮಿ ಲಪೋರ್ಟ್. ಈ ಎರಡನೆಯದರಲ್ಲಿ ಭೂಮಿಯ ದಾರಿ ಮತ್ತೆ ತೆರೆದಿದೆ, ಮತ್ತು ಆಟಗಾರ ಭೂಮಿಯ ಪಕ್ಷದಲ್ಲಿ ನಿಂತು, ಮೂಲ ಆಟದಲ್ಲಿ ತನ್ನದಾಗಿದ್ದ ಪಡೆಯ ವಿರುದ್ಧವೇ ಹೋರಾಡಬೇಕಾಗಿದೆ. ಹಿಂದೆ ರಕ್ಷಿಸಿದ ಮಾದರಿಯ ಹಡಗುಗಳೇ ಈಗ ಗುರಿ. ಹೆಸರೂ ಮನಸ್ಸೂ ಇರುವ ಪೈಲಟ್ ಆಜ್ಞೆಯನ್ನು ಸಂದೇಹಿಸಬಲ್ಲಳು. ಆ ಸಂದೇಹ ಆಟಗಾರನದೂ ಆಗುತ್ತದೆ. ಇದರ ಬರವಣಿಗೆಯಲ್ಲಿ ಪಾಲುಗೊಂಡ ಸೇತ್ ಡಿಕಿನ್ಸನ್ ಅವರ ಮೊದಲ ಕಾದಂಬರಿ 2015ರಲ್ಲಿ ಪ್ರಕಟವಾಯಿತೆಂಬುದನ್ನು ತಿಳಿದಾಗ ಆಶ್ಚರ್ಯವೆನಿಸದು. ಆದರೂ ಮಾತು ಅತಿಯಾಯಿತೆಂಬ ಆಕ್ಷೇಪಣೆಗೆ ಇಲ್ಲಿ ಎಡೆಯಿದೆ. ಬೆನ್ನ ಹಿಂದೆ ಕ್ಷಿಪಣಿ ಬರುತ್ತಿರುವವನು ಎರಡು ಸಾಲಿಗಿಂತ ಹೆಚ್ಚು ಓದಲಾರ.

ಮಿಷನ್‌ಗಳ ಅತಿ ನಿಷ್ಠುರ ವಿಮರ್ಶಕ ಕಾಲವನ್ನು ಬೇಗ ಓಡಿಸುವ ಕೀಲಿ. ಆಟಗಾರನ ಬೆರಳು ಅದರ ಮೇಲೆ ಹೋದ ಸ್ಥಳವೇ ಸಂವಿಧಾನ ಸಡಿಲವಾದ ಸ್ಥಳ. ಬೆಂಗಾವಲಿನ ಮಿಷನ್‌ಗಳಲ್ಲಿ ಇದು ಪದೇ ಪದೇ ಆಗುತ್ತದೆ.

ಸಂಶೋಧಕನಿಗೆ ಒಂದು ಅನುಕೂಲವಿದೆ. ಈ ಮಿಷನ್‌ಗಳ ಕಡತಗಳು ಸಾದಾ ಪಠ್ಯರೂಪದಲ್ಲಿವೆ. ಯಾರು ಬೇಕಾದರೂ ತೆರೆದು, ಯಾವ ಹಡಗಿಗೆ ಕವಚವಿತ್ತು, ಯಾವ ಸಂದೇಶ ಯಾವ ಷರತ್ತಿಗೆ ಕಟ್ಟಿತ್ತು ಎಂಬುದನ್ನು ಹಸ್ತಪ್ರತಿಯಂತೆ ಓದಬಹುದು. 1998ರ ‘ಸೈಲೆಂಟ್ ಥ್ರೆಟ್’ ಎಂಬ ಅಧಿಕೃತ ಅನುಬಂಧವನ್ನು ಅಭಿಮಾನಿಗಳು ‘ಸೈಲೆಂಟ್ ಥ್ರೆಟ್: ರೀಬಾರ್ನ್’ ಎಂದು ಹೊಸದಾಗಿ ಕಟ್ಟಿದ್ದಾರೆ. ಗುಪ್ತಚಾರ ಇಲಾಖೆಯ ದಂಗೆ, ಹೇಡೀಸ್ ಎಂಬ ಮಹಾನೌಕೆ, ಎರಡರಲ್ಲಿಯೂ ವಸ್ತು ಒಂದೇ. ಎರಡು ಪಾಠಗಳನ್ನೂ ಎದುರುಬದುರಾಗಿ ಇಟ್ಟುಕೊಂಡು, ಷರತ್ತು ಷರತ್ತಿಗೆ ತಾಳೆ ನೋಡುವ ಕೆಲಸವನ್ನು ಮೊದಲು ಕೈಗೊಳ್ಳಬೇಕು.