ಇಂಚು ಸೆಂಟುಗಳ ಮಳೆಪುಸ್ತಕ

ಕಳಸದ ಪೇಟೆಯಲ್ಲಿ ಆಷಾಢ ಶ್ರಾವಣಗಳ ಯಾವ ಮುಂಜಾನೆಯಲ್ಲಿಯೇ ಆಗಲಿ, ಕೊಡೆ ಹಿಡಿದ ಇಬ್ಬರು ಪರಿಚಿತರು ಎದುರುಬದುರಾದರೆಂದರೆ, ಮೈಕೈ ಸೌಖ್ಯವನ್ನೂ ಮಕ್ಕಳುಮರಿಗಳ ಯೋಗಕ್ಷೇಮವನ್ನೂ ವಿಚಾರಿಸುವುದಕ್ಕೆ ಮೊದಲೇ ಅವರ ಬಾಯಿಂದ ಹೊರಡುವ ಮಾತು 'ನಿಮ್ಮಲ್ಲಿ ಎಷ್ಟು ಬಂತು ಮಾರಾಯ್ರೆ?' ಎಂಬುದಾಗಿರುತ್ತದೆ. ಬಂದುದು ಏನೆಂದು ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಉತ್ತರವೂ ಅಷ್ಟೇ ಮಿತವಾದುದು: 'ಮೂರು ಹನ್ನೆರಡು.' ಮೂರು ಇಂಚು ಹನ್ನೆರಡು ಸೆಂಟು ಎಂದು ಇದರ ಅರ್ಥ. ಇಂಚಿನ ನೂರನೆಯ ಒಂದು ಪಾಲು ಸೆಂಟು. ದೇಶವು ದಶಮಾನ ಪದ್ಧತಿಗೆ ತಿರುಗಿ ಅರುವತ್ತು ವರ್ಷಗಳ ಮೇಲಾಗಿದ್ದರೂ, ಹವಾಮಾನ ಇಲಾಖೆಯವರು ಮಿಲಿಮೀಟರುಗಳಲ್ಲಿಯೇ ಸಾರುತ್ತಿದ್ದರೂ, ಮೂಡಿಗೆರೆ ಕಳಸಗಳ ಕಾಫಿ ತೋಟಗಳಲ್ಲಿ ಮಳೆಯು ಇಂದಿಗೂ ಇಂಚಿನಲ್ಲಿಯೇ ಬೀಳುತ್ತಿದೆ.

ಈ ಉತ್ತರದ ಹಿಂದೆ ಒಂದು ಪುಸ್ತಕವುಂಟು. ಅದನ್ನೇ ಒಂದು ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ತೂಗಿನೋಡುವುದು ನನ್ನ ಉದ್ದೇಶ. ಕಾವ್ಯ ನಾಟಕಗಳನ್ನು ವಿಮರ್ಶಿಸುವುದಕ್ಕೆ ನಮ್ಮಲ್ಲಿ ವಿದ್ವಾಂಸರಿಗೆ ಕೊರತೆಯಿಲ್ಲ. ಲೆಕ್ಕದ ಪುಸ್ತಕಗಳಿಗೆ ಆ ಭಾಗ್ಯ ಒದಗಿದುದು ಕಡಮೆ.

ತೋಟದ ಮನೆಯ ಮುಂದೆ, ಮರದ ನೆರಳೂ ಸೂರಿನ ಹನಿಯೂ ತಾಕದ ತೆರಪಿನಲ್ಲಿ, ಗಾರೆಯ ಕಟ್ಟೆಯ ಮೇಲೆ ಕೂರಿಸಿದ ಲೋಹದ ಮಳೆಮಾಪಕ. ಅದರ ಹೊಟ್ಟೆಯೊಳಗೆ ನೀರು ಶೇಖರವಾಗುವ ಸೀಸೆ. ಜೊತೆಗೆ ಗೀಟು ಕೊರೆದ ಗಾಜಿನ ಅಳತೆಪಾತ್ರೆ. ಬೆಳಗ್ಗೆ ಆಳುಗಳ ಹಾಜರಿ ಹಿಡಿಯುವುದಕ್ಕೆ ಮುಂಚೆ ತೋಟದ ರೈಟರೋ, ರೈಟರನ್ನು ಇಟ್ಟುಕೊಳ್ಳಲಾರದ ಸಣ್ಣ ಹಿಡುವಳಿಯಲ್ಲಿ ಯಜಮಾನನೇ ಸ್ವತಃ, ಆ ಸೀಸೆಯ ನೀರನ್ನು ಪಾತ್ರೆಗೆ ಬಗ್ಗಿಸಿ, ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನೀರಿನ ಮೇಲ್ಮೈ ಅಂಚುಗಳಲ್ಲಿ ಏರಿ ನಡುವೆ ತಗ್ಗಾಗಿ ನಿಲ್ಲುವುದರಿಂದ ಆ ತಗ್ಗನ್ನೇ ಪ್ರಮಾಣವಾಗಿ ಹಿಡಿದು, ಅಂಕಿಯನ್ನು ಓದುತ್ತಾನೆ. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಪಾತ್ರೆಗೆ ಮುಗಿಯುವುದಿಲ್ಲ. ತುಂಬಿ ಚೆಲ್ಲಿ, ಮತ್ತೆ ತುಂಬಿ ಚೆಲ್ಲಿ ಎಣಿಸಬೇಕು. ನಾನು ಕಂಡ ಒಂದು ಹಳೆಯ ಪುಸ್ತಕದಲ್ಲಿ ಇಂಥ ದಿನಗಳ ಎದುರಿಗೆ ಸೀಸದಕಡ್ಡಿಯಲ್ಲಿ ಸಣ್ಣ ಸಣ್ಣ ಗೀಟುಗಳಿದ್ದವು. ಪಾತ್ರೆಗೊಂದು ಗೀಟು ಹಾಕಿ, ಕೊನೆಯಲ್ಲಿ ಕೂಡಿಸಿ, ಮೊತ್ತವನ್ನು ಮಸಿಯಲ್ಲಿ ಬರೆದಿದ್ದ ಆ ಅಜ್ಞಾತ ಬರೆಹಗಾರನ ಕೈ ಒದ್ದೆಯಾಗಿತ್ತೆಂಬುದಕ್ಕೆ ಕಾಗದದ ಮೇಲೆ ಹರಡಿದ್ದ ಮಸಿಯೇ ಸಾಕ್ಷಿ.

ಪುಸ್ತಕದ ರಚನೆ ಸರಳ. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬಸಾಲು, ದಿನಗಳಿಗೆ ಮೂವತ್ತೊಂದು ಅಡ್ಡಸಾಲು, ಕೆಳಗೆ ಮೊತ್ತ. ವರ್ಷಕ್ಕೆ ಒಂದು ಪುಟ. ಈ ರಚನೆಯ ಅತ್ಯುತ್ತಮ ಗುಣವು ಅದರ ಅಂಕಿಗಳಲ್ಲಿಲ್ಲ, ಅಂಕಿಯಿಲ್ಲದ ಮನೆಗಳಲ್ಲಿದೆ. ಜನವರಿಯ ಸಾಲಿನಲ್ಲಿ ಮೇಲಿಂದ ಕೆಳಗೆ ಮೂವತ್ತೊಂದು ಅಡ್ಡಗೀಟುಗಳನ್ನು ಎಳೆದಿರುವವನು ಮೂವತ್ತೊಂದು ದಿನವೂ ಮಾಪಕದ ಬಳಿಗೆ ನಡೆದುಹೋಗಿ, ಬರಿಯ ಸೀಸೆಯನ್ನು ಕಂಡು, 'ನೋಡಿದೆ, ಇಲ್ಲ' ಎಂದು ಬರೆದವನು. ಬರಿದಾಗಿ ಬಿಟ್ಟ ಮನೆಯಾದರೋ 'ನೋಡಲಿಲ್ಲ' ಎಂದು ಹೇಳುತ್ತದೆ. ಇಲ್ಲವೆಂದು ಅರಿಯುವುದಕ್ಕೂ ಏನನ್ನೂ ಅರಿಯದಿರುವುದಕ್ಕೂ ನಡುವಣ ಅಂತರವನ್ನು ಒಂದು ಗೀಟಿನಿಂದ ಕಾಪಾಡಿದ ಈ ಜನರ ಸತ್ಯನಿಷ್ಠೆಗೆ ನಾನು ತಲೆಬಾಗುತ್ತೇನೆ.

ಇಷ್ಟೊಂದು ಶ್ರಮವೇಕೆಂದರೆ, ಕಾಫಿ ಗಿಡದ ವರ್ಷಫಲವೆಲ್ಲ ಫೆಬ್ರವರಿಯಿಂದ ಏಪ್ರಿಲಿನ ತನಕ ಬೀಳುವ ಎರಡು ಮಳೆಗಳ ಕೈಯಲ್ಲಿದೆ. ಒಂದು ಹೂಮಳೆ: ಒಣಗಿ ಬಾಯಾರಿದ ಗಿಡದ ಮೊಗ್ಗುಗಳಿಗೆ ಒಂದು ಇಂಚಿನಷ್ಟಾದರೂ ನೀರು ಒಮ್ಮೆಗೇ ದೊರೆತರೆ, ವಾರ ಹತ್ತು ದಿನಗಳಲ್ಲಿ ತೋಟವು ಬೆಳ್ಳಗೆ ಅರಳಿ, ದಾರಿಹೋಕನಿಗೂ ಮಲ್ಲಿಗೆಯ ಭ್ರಮೆಯುಂಟಾಗುತ್ತದೆ. ಇನ್ನೊಂದು, ಹೂವು ಕಾಯಿಕಟ್ಟಿ ನಿಲ್ಲುವುದಕ್ಕಾಗಿ ಎರಡು ಮೂರು ವಾರಗಳೊಳಗೆ ಬರಬೇಕಾದ ಬ್ಯಾಕಿಂಗ್ ಮಳೆ. ಮೊದಲನೆಯದು ಮೂವತ್ತು ನಲವತ್ತು ಸೆಂಟಿಗೆ ನಿಂತುಹೋದರೆ ಅದು ಬಾರದಿರುವುದಕ್ಕಿಂತಲೂ ಕೆಡುಕು. ಮೊಗ್ಗು ಅರ್ಧ ಎಚ್ಚೆತ್ತು ಕರಟಿಹೋಗುತ್ತದೆ. ರೊಬಸ್ಟಾ ಬೆಳೆಯುವವನು ಸ್ಪ್ರಿಂಕ್ಲರ್ ಹಚ್ಚಬೇಕೋ ನಾಲ್ಕು ದಿನ ಕಾಯಬೇಕೋ ಎಂಬ ನಿಶ್ಚಯಕ್ಕೆ ಬರುವುದು ಈ ಸೆಂಟುಗಳನ್ನು ನಂಬಿಯೇ. ಮುಂದೆ ಮುಂಗಾರು ಹಿಡಿಯುವ ಮುನ್ನ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯಬೇಕು, ಅಡಕೆಗೆ ಎರಡನೆಯ ಸಲ ಹೊಡೆಯಲು ಬಿಡುವು ಸಿಕ್ಕೀತೆ ಎಂಬುವೂ ಇದೇ ಪುಸ್ತಕಕ್ಕೆ ಹಾಕತಕ್ಕ ಪ್ರಶ್ನೆಗಳು. ೧೯೨೫ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರವನ್ನು ತೆರೆದಾಗ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದವರು ಅಡಕೆಯ ಕೊಳೆರೋಗವನ್ನು ಅಭ್ಯಾಸಮಾಡಿ ಹೆಸರಾಗಿದ್ದ ಲೆಸ್ಲಿ ಕೋಲ್ಮನ್ನರು.

ಗುಣವನ್ನು ಹೇಳಿಯಾಯಿತು. ಇನ್ನು ದೋಷ.

ಮೊದಲನೆಯದು ತಿಥಿದೋಷ. ಸೋಮವಾರ ರಾತ್ರಿ ಹೊಯ್ದ ಮಳೆಯನ್ನು ಅಳೆಯುವುದು ಮಂಗಳವಾರ ಬೆಳಗ್ಗೆ. ಅದು ಯಾವ ದಿನದ ಮಳೆ? ಒಂದು ತೋಟದವರು ಅಳೆದ ದಿನಕ್ಕೆ ಬರೆಯುತ್ತಾರೆ, ಬೇಲಿಯಾಚೆಯವರು ಬಿದ್ದ ದಿನಕ್ಕೆ ಬರೆಯುತ್ತಾರೆ, ಇಬ್ಬರೂ ಸತ್ಯವಂತರೇ. ಇಲಾಖೆಯ ಕೇಂದ್ರಗಳು ಬೆಳಗ್ಗೆ ಎಂಟೂವರೆಗೆ ಅಳೆದರೆ, ತೋಟಗಳಲ್ಲಿ ಆಳುಗಳ ಹೊತ್ತಿಗೆ ಅನುಸಾರವಾಗಿ ಏಳಕ್ಕೋ ಏಳೂವರೆಗೋ ಅಳೆಯುವುದುಂಟು. ಆದುದರಿಂದ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಮಳೆಯು ಒಂದೇ ಹಾಡ್ಯದ ಎರಡು ಮಗ್ಗುಲಿಗೆ ಎರಡು ದಿನ ಬಿದ್ದಂತೆ ತೋರುತ್ತದೆ. ಯಾವ ರೂಢಿಯನ್ನು ಅನುಸರಿಸಿದೆನೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟವರನ್ನು ನಾನು ಕಂಡಿಲ್ಲ. ಬರೆಯುವವನಿಗೆ ಅದು ಅಷ್ಟು ಸ್ವಯಂವೇದ್ಯ.

ಇದಕ್ಕೆ ನನ್ನದೇ ಒಂದು ತಪ್ಪನ್ನು ಸೇರಿಸುವುದು ನ್ಯಾಯ. ನಮ್ಮ ಮನೆಯ ಮಾಪಕವನ್ನು ಇಟ್ಟ ಕಾಲದಲ್ಲಿ ಸುತ್ತ ಬಯಲಾಗಿತ್ತು. ಕ್ರಮೇಣ ನಾಲ್ಕು ಮಾರು ದೂರದ ಸಿಲ್ವರ್ ಓಕ್ ಮರವು ಎತ್ತರಕ್ಕೆ ಬೆಳೆದು, ಪಶ್ಚಿಮದಿಂದ ಓರೆಯಾಗಿ ಬರುವ ಹೊಡೆತಕ್ಕೆ ಅಡ್ಡನಿಂತಿತು. ವರ್ಷ ವರ್ಷಕ್ಕೆ ಮೊತ್ತವು ಇಳಿಯುತ್ತಿದ್ದುದನ್ನು ಕಂಡು, ಮಳೆಗಾಲವೇ ಮೊದಲಿನಂತಿಲ್ಲವೆಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಮರವನ್ನು ಕಡಿಸಿದ ವರ್ಷ ಮಳೆಗಾಲವು ಮರಳಿ ಬಂದಿತು! ಮಾಪಕದ ನೆರೆಹೊರೆಯ ಚರಿತ್ರೆಯನ್ನು ಹೇಳದ ಮಳೆಪುಸ್ತಕವು, ಕಣ್ಣಿಗೆ ಪೊರೆ ಬಂದುದನ್ನು ಮರೆತು ಲೋಕವೇ ಮಂಕಾಯಿತೆನ್ನುವ ವೃದ್ಧನಂತೆ.

ಎರಡನೆಯ ದೋಷ ಇನ್ನೂ ಆಳವಾದುದು. ಅದು ಬರೆಯುವುದಕ್ಕೆ ಸಂಬಂಧಿಸಿದುದಲ್ಲ, ಹುಡುಕುವುದಕ್ಕೆ ಸಂಬಂಧಿಸಿದುದು. ಈ ಪುಸ್ತಕವು ಒಂದೇ ಒಂದು ರೀತಿಯ ಪ್ರಶ್ನೆಗೆ ಉತ್ತರ ಕೊಡುವಂತೆ ಹೊಲಿದುದು: ಇಂಥ ತಾರೀಖಿನಲ್ಲಿ ಎಷ್ಟು? ಆದರೆ ಆಪತ್ತಿನಲ್ಲಿರುವವನು ತಾರೀಖನ್ನು ಹಿಡಿದು ಕೇಳುವುದಿಲ್ಲ. ಹೂಮಳೆಗೂ ಬ್ಯಾಕಿಂಗಿಗೂ ನಡುವೆ ತಿಂಗಳು ಕಳೆದ ವರ್ಷಗಳಾವುವು, ಆ ವರ್ಷಗಳಲ್ಲಿ ಕಾಯಿಕಟ್ಟು ಏನಾಯಿತು, ಎಷ್ಟು ದಿನ ಎಡೆಬಿಡದೆ ಎಷ್ಟು ಇಂಚು ಸುರಿದಾಗ ಮೇಲಿನ ಧರೆ ಜರಿಯಿತು ಎಂದು ಅವನು ಕೇಳುತ್ತಾನೆ. ಉತ್ತರವು ಪುಸ್ತಕದಲ್ಲಿ ಇದ್ದೇ ಇದೆ. ಆದರೆ ಅದನ್ನು ತೆಗೆಯಬೇಕಾದರೆ ಐವತ್ತು ಪುಟಗಳನ್ನು ಬೆರಳಿಟ್ಟು ಓದಬೇಕು. ಕುಯ್ಲಿನ ತೂಕ ಇರುವುದು ಬೇರೆ ಪುಸ್ತಕದಲ್ಲಿ, ಧರೆ ಜರಿದ ಸುದ್ದಿ ಇರುವುದು ಯಾರದೋ ನೆನಪಿನಲ್ಲಿ.

ನಮ್ಮ ಹಿರಿಯರ ಮಳೆನಕ್ಷತ್ರಗಳ ಲೆಕ್ಕವು ಈ ವಿಷಯದಲ್ಲಿ ಹೆಚ್ಚು ಜಾಣತನದ್ದೆಂದರೆ ಕೆಲವರು ನಗಬಹುದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನವಿರುವನೆಂಬ ಆಧಾರದ ಮೇಲೆ ವರ್ಷವನ್ನು ಇಪ್ಪತ್ತೇಳು ಕಪಾಟುಗಳಾಗಿ ವಿಭಾಗಿಸಿ, ಒಂದೊಂದು ಕಪಾಟಿನ ಬಾಗಿಲಿಗೂ ಒಂದು ಗಾದೆಯ ಚೀಟಿ ಅಂಟಿಸಿ, ಅಂಕಿಯಿಲ್ಲದ ಜನರೂ ಬೇಕಾದುದನ್ನು ಕ್ಷಣದಲ್ಲಿ ತೆಗೆಯುವಂತೆ ಮಾಡಿದ ಏರ್ಪಾಡು ಅದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತಿನಲ್ಲಿ ಕಾಲ, ಬೆಳೆ, ಫಲ ಮೂರೂ ಒಂದೇ ಗಂಟಿನಲ್ಲಿವೆ. ಆದರೆ ಅದು ಜೋಳದ ಬಯಲುಸೀಮೆಯ ಗಾದೆ. ನಮ್ಮ ಓಣಿಯಲ್ಲಿ ಜೋಳವಿಲ್ಲ. ಆರಿದ್ರೆ ಪುನರ್ವಸುಗಳ ನಾಟಿಮಳೆಗೆ ಮಲೆನಾಡಿನಲ್ಲಿಯೂ ಮಾತುಗಳುಂಟು. ಫೆಬ್ರವರಿ ಮಾರ್ಚಿನ ಹೂಮಳೆಗೆ ಮಾತ್ರ ಒಂದು ಗಾದೆಯನ್ನೂ ನಾನು ಕೇಳಿದ್ದಿಲ್ಲ. ಕಪಾಟುಗಳು ಸಿದ್ಧವಾದ ಎಷ್ಟೋ ಕಾಲದ ಮೇಲೆ ಕಾಫಿಯು ಈ ಬೆಟ್ಟಗಳಿಗೆ ಬಂದಿತು. ಅದರ ತಿಳಿವಳಿಕೆಗೆ ಹಳೆಯ ಏರ್ಪಾಡಿನಲ್ಲಿ ಜಾಗವಿರಲಿಲ್ಲ, ಹೊಸದನ್ನು ಯಾರೂ ಕಟ್ಟಲಿಲ್ಲ.

ಕಟ್ಟುವುದು ಅಸಾಧ್ಯವಾಗಿತ್ತೆ? ಇದೇ ಕಳಸದ ಶಾಸನಗಳನ್ನು ನೋಡಿರಿ. ಕಾರ್ಕಳದ ಭೈರರಸರ ಮೂಲನೆಲೆಯಾದ ಈ ಊರಿನ ಕಲ್ಲು ತಾಮ್ರಗಳ ಬರೆಹಗಳು ಶತಮಾನಗಳ ಕಾಲ ಓದುವವರಿಲ್ಲದೆ ಇದ್ದುವು. ಬಿ. ಎಲ್. ರೈಸರು ೧೯೦೧ರಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ ಅಚ್ಚುಮಾಡಿಸಿದಾಗ, ತಾಲ್ಲೂಕಿಗೊಂದು ವಿಭಾಗ, ಶಾಸನಕ್ಕೊಂದು ಸಂಖ್ಯೆ ಎಂಬ ಸಾಮಾನ್ಯ ಕ್ರಮವೊಂದನ್ನು ಅನುಸರಿಸಿದರು. ಅಷ್ಟರಿಂದಲೇ, ಕಳಸವನ್ನು ಕಣ್ಣಾರೆ ಕಾಣದ ವಿದ್ವಾಂಸನೂ ಮೂಡಿಗೆರೆ ತಾಲ್ಲೂಕಿನ ಇಂಥ ಸಂಖ್ಯೆಯೆಂದು ಹೇಳಿ ಕಲ್ಲನ್ನು ಎದುರಿಗೆ ತಂದು ನಿಲ್ಲಿಸಬಲ್ಲವನಾದನು.

ಮಳೆಯ ವಿಷಯದಲ್ಲಿಯೂ ಉದಾಹರಣೆಯುಂಟು, ಅದು ಇಂಗ್ಲೆಂಡಿನದು. ಸೈಮನ್ಸ್ ಎಂಬಾತನು ೧೮೬೦ರಲ್ಲಿ ೧೬೮ ಸ್ಥಳಗಳ ಮಳೆಲೆಕ್ಕವನ್ನು ಹವ್ಯಾಸಿಗಳಿಂದ ಅಂಚೆಯಲ್ಲಿ ತರಿಸಿ ಒಟ್ಟುಗೂಡಿಸಲಾರಂಭಿಸಿ, ೧೯೦೦ರಲ್ಲಿ ತಾನು ತೀರಿಕೊಳ್ಳುವ ವೇಳೆಗೆ ಆ ಸಂಖ್ಯೆಯನ್ನು ಮೂರು ಸಾವಿರದ ಮೇಲಕ್ಕೆ ಏರಿಸಿದ್ದನು. ಭಾರತದ ಹವಾಮಾನ ಕೇಂದ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಾಪಕಕ್ಕೆ ಆತನದೇ ಹೆಸರು. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ರೆಡಿಂಗ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಹಳೆಯ ಮಳೆಹಾಳೆಗಳನ್ನು ಜನರ ಮುಂದಿಟ್ಟಾಗ, ಮನೆಯಲ್ಲಿ ಕುಳಿತಿದ್ದ ಸುಮಾರು ಹದಿನಾರು ಸಾವಿರ ಮಂದಿ ಸೇರಿ ಐವತ್ತು ಲಕ್ಷಕ್ಕೂ ಮಿಕ್ಕ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಸೈಮನ್ಸನ ಪಾತ್ರೆಯನ್ನು ನಾವು ತಂದುಕೊಂಡೆವು. ಅವನ ಅಂಚೆಯನ್ನು ತರಲಿಲ್ಲ.

ಈಗ ಸರ್ಕಾರದ ಯಂತ್ರಗಳು ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿರುವುದು ನಿಜ, ಅದು ಸಣ್ಣ ಸಾಧನೆಯೂ ಅಲ್ಲ. ೧೯೮೮ರಲ್ಲಿ ಬರಗಾಲವನ್ನು ಗಮನಿಸುವುದಕ್ಕೆಂದು ಹುಟ್ಟಿ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಕರೆಸಿಕೊಳ್ಳುವ ಸಂಸ್ಥೆಯು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿದೆ. ಕಾಲು ಗಂಟೆಗೊಮ್ಮೆ ಅವು ಬೆಂಗಳೂರಿಗೆ ಅಂಕಿ ಕಳುಹಿಸುತ್ತವೆ. ಅದರ ಸಹಾಯವಾಣಿಯಾದ ವರುಣಮಿತ್ರಕ್ಕೆ ದೂರವಾಣಿ ಮಾಡಿದರೆ ಹಗಲಿರುಳೂ ಉತ್ತರ ಸಿಗುತ್ತದೆ. ಅಡಕೆ ಮೆಣಸುಗಳ ಹವಾಮಾನ ಆಧಾರಿತ ವಿಮೆಯ ಹಣವು ನಿರ್ಣಯವಾಗುವುದೂ ಪಂಚಾಯಿತಿಯ ಈ ಅಂಕಿಗಳಿಂದಲೇ ಹೊರತು ರೈತನ ಪುಸ್ತಕದಿಂದಲ್ಲ. ಕೈಯಲ್ಲಿ ಬರೆದುದನ್ನು ಹಣದ ವ್ಯವಹಾರದಲ್ಲಿ ನಂಬಲಾಗದೆಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೆ ಬಯಲುಸೀಮೆಯಲ್ಲಿ ಒಂದು ಪಂಚಾಯಿತಿಗೆ ಒಂದು ಮಳೆ ಎನ್ನುವುದು ಒಪ್ಪತಕ್ಕ ಮಾತಾದರೂ, ಒಂದು ಗುಡ್ಡ ದಾಟಿದರೆ ಮಳೆಯ ಜಾತಿಯೇ ಬೇರೆಯಾಗುವ ಈ ಸೀಮೆಯಲ್ಲಿ ಅದು ಒಪ್ಪತಕ್ಕುದಲ್ಲ. ಯಂತ್ರಕ್ಕೆ ಕಾಲು ಗಂಟೆಯ ಸೂಕ್ಷ್ಮ ಗೊತ್ತು, ತೋಟದ ಪುಸ್ತಕಕ್ಕೆ ಇಳಿಜಾರಿನ ಸೂಕ್ಷ್ಮ ಗೊತ್ತು. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ.

ಹಾಗೆಂದು ನಮ್ಮ ಜನಕ್ಕೆ ಸುದ್ದಿಯನ್ನು ಕೂಡಿಸಿ ಬಳಸುವ ಬುದ್ಧಿಯೇ ಇಲ್ಲವೆನ್ನಲಾಗದು. ಹೊರನಾಡಿನ ದಾರಿಯಲ್ಲಿ ಭದ್ರೆಗೆ ಅಡ್ಡಲಾಗಿರುವ ಹೆಬ್ಬಾಳೆಯ ತಗ್ಗುಸೇತುವೆಯು ಮುಳುಗುವುದು ಮಳೆಗಾಲದ ವಾಡಿಕೆ. ಕಳಸದಲ್ಲಿ ಮಳೆ ಹೊಳವಾಗಿದ್ದರೂ ಮೇಲೆ ಕುದುರೆಮುಖದಲ್ಲಿ ಜೋರಾದರೆ ಹೊಳೆ ಏರುತ್ತದೆಂಬುದನ್ನು ಅರಿತವರು, ಅಲ್ಲಿಯವರ ಮಾತನ್ನು ಫೋನಿನಲ್ಲಿ ಕೇಳಿಯೇ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟ ನೆಂಟರನ್ನು ತಡೆದು ಕೂರಿಸುತ್ತಾರೆ. ಈಗ ವಾಟ್ಸಾಪಿನಲ್ಲಿ ಬೆಳಗ್ಗೆ ಏಳೂವರೆಯೊಳಗೆ ಹತ್ತಾರು ತೋಟಗಳ ಇಂಚು ಸೆಂಟುಗಳು ಬಂದು ಬೀಳುತ್ತವೆ. ಆ ಒಂದು ಗಳಿಗೆ ನಮ್ಮಲ್ಲಿ ಸೈಮನ್ಸನ ಅಂಚೆ ಇದ್ದಂತೆಯೇ. ಆದರೆ ಮಧ್ಯಾಹ್ನದೊಳಗೆ ಅದು ಶುಭಾಶಯಗಳ, ಮೆಣಸಿನ ದರಗಳ ಕೆಳಗೆ ಹೂತುಹೋಗುತ್ತದೆ. ಯಾರ ಅಂಕಿ ದೊಡ್ಡದೆಂಬ ಜಂಬವು ಮಾತ್ರ ಸಂಜೆಯವರೆಗೆ ಉಳಿಯುತ್ತದೆ. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಹೋದಾಗ, ಮುನ್ನಿನ ದಿನಗಳ ಮಳೆಯನ್ನು ಅಳೆದ ಪುಸ್ತಕಗಳು ಸುತ್ತಲಿನ ತೋಟಗಳ ಮೇಜುಗಳ ಮೇಲೆಯೇ ಇದ್ದುವು. ಹಿಂದೆ ಧರೆ ಕುಸಿದ ವರ್ಷಗಳ ಪುಟಗಳೊಡನೆ ಅವನ್ನು ಹೋಲಿಸಿ ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ತೋಟ ಮಾರುವಾಗ ಹಳೆಯ ಪೀಠೋಪಕರಣಗಳ ಪಟ್ಟಿಯಾಗುತ್ತದೆ. ಮಳೆಪುಸ್ತಕವು ಪಟ್ಟಿಗೆ ಸೇರದೆ ಗುಜರಿಗೆ ಹೋಗುತ್ತದೆ. ಆದಕಾರಣ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಪುಸ್ತಕವಿದ್ದರೆ ಅದರ ಮೊದಲ ಪುಟದಲ್ಲಿ ತೋಟದ ಹೆಸರನ್ನೂ, ಮಾಪಕ ನಿಂತಿದ್ದ ಜಾಗವನ್ನೂ, ಅಳೆಯುತ್ತಿದ್ದ ಹೊತ್ತನ್ನೂ, ರಾತ್ರಿಯ ಮಳೆಯನ್ನು ಯಾವ ದಿನಕ್ಕೆ ಬರೆಯುತ್ತಿದ್ದರೆಂಬುದನ್ನೂ, ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಿ. ಬಳಿಕ ಪುಟಪುಟದ ಫೋಟೋ ತೆಗೆದು ನೆರೆಯವರ ಕೈಗೂ ಒಂದು ಪ್ರತಿ ಕೊಡಿ. ನಮ್ಮ ಮನೆಯದರಲ್ಲಿ ಸಿಲ್ವರ್ ಓಕ್ ಕಡಿಸಿದ ತಾರೀಖನ್ನು ನಾನು ಬರೆದಿಟ್ಟಿದ್ದೇನೆ.